ಒಂದು ಟೆಸ್ಟಿಗೆ ಬೇರೆ ಊರು
ನಿನ್ನೆ ಎಚ್‌ಐವಿ ಟೆಸ್ಟ್ ಮಾಡಿಸಿದೆ. ವಿಜಯಪುರದಲ್ಲಲ್ಲ, ಬಸ್ ಹತ್ತಿ ಬೇರೆ ಊರಿಗೆ ಹೋಗಿ. ನಮ್ಮಲ್ಲೂ ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ ಮತ್ತು ಟೆಸ್ಟ್ ಕೇಂದ್ರ ಇದೆ, ಟೆಸ್ಟೂ ಪುಕ್ಕಟೆ. ಆದರೆ ಹೋದ ವರ್ಷ ಸಾಲಲ್ಲಿ ನಿಂತಾಗ ಓಣಿಯ ಕಾಕಾ ಸಿಕ್ಕು, 'ಯಾಕೋ ತಮ್ಮಾ, ಇಲ್ಲಿ ನಿಂತಿ?' ಅಂದರು. ಜ್ವರ ಅಂತ ಹೇಳಿ ವಾಪಸ್ ಬಂದಿದ್ದೆ. ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೆ ಆಚೆ ಗೋಡೆಗೆ ಕೇಳುತ್ತದೆ. ನಮ್ಮ ಓಣಿಗೆ ಗುಮ್ಮಟವೂ ಬೇಡ.

ಆ ಬೇರೆ ಊರಿನ ಕೇಂದ್ರದಲ್ಲಿ ಕೌನ್ಸೆಲರ್ ಕೇಳಿದ ಮೊದಲ ಪ್ರಶ್ನೆ, 'ಮದುವೆ ಆಗಿದೆಯಾ?' ಇಲ್ಲ. 'ಹೆಣ್ಣುಮಕ್ಕಳ ಸಹವಾಸ?' ಇಲ್ಲ. ಪೆನ್ನು ನಿಂತಿತು. ಗಂಡಸರ ಜೊತೆ ಅಂತ ಹೇಳೋಕೆ ಒಂದು ನಿಮಿಷ ಬೇಕಾಯಿತು. 2018ರಲ್ಲೇ ಸುಪ್ರೀಂ ಕೋರ್ಟ್ ಇದು ಅಪರಾಧವಲ್ಲ ಅಂದಿದೆ. ನನ್ನ ನಾಲಿಗೆಗೆ ತೀರ್ಪಿನ ಪ್ರತಿ ಇನ್ನೂ ತಲುಪಿಲ್ಲ, ಅಲ್ವಾ! ಅವರು ಸುಮ್ನೆ ಬರೆದುಕೊಂಡರು.

ನೆಗೆಟಿವ್. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಬೇಕಂತೆ. ಈ ಸ್ಟೇಟಸ್ ಏಳೇ ಜನಕ್ಕೆ ಕಾಣುವ ಹಾಗೆ ಇಟ್ಟಿದ್ದೇನೆ.