ನೆರೆ ಇಳಿದ ಮೇಲಿನ ವಾರಕ್ಕೂ ಸ್ವಲ್ಪ ಇಟ್ಟುಕೊಳ್ಳಿ

ಅಂಕೋಲಾ ತಾಲೂಕಿನ ಗಂಗಾವಳಿ ದಂಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಗುಮಾಸ್ತ. ನೆರೆ ಬಂದಾಗ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆಯುತ್ತಾರೆ. ದಾನಿಗಳಿಂದ ಬಂದ ಸಾಮಾನನ್ನೆಲ್ಲ ದಾಸ್ತಾನು ವಹಿಗೆ ಏರಿಸುವ ಕೆಲಸ ನನ್ನದು. 2019ರ ಆಗಸ್ಟ್ ನೆರೆಯದ್ದು, 2021ರ ಜುಲೈ ನೆರೆಯದ್ದು, ಯಾವ ವಹಿ ತೆಗೆದರೂ ಕಾಣುವುದು ಒಂದೇ. ಮೊದಲ ವಾರ ಬರೆಯಲು ಪುಟ ಸಾಲದು. ಜನ ಮನೆಗೆ ಮರಳುವ ಹೊತ್ತಿಗೆ ಪುಟ ಖಾಲಿ.

ಕಷ್ಟ ಶುರುವಾಗುವುದೇ ಆಗ. ಕೇಂದ್ರದಲ್ಲಿರುವಷ್ಟು ದಿನ ಊಟವನ್ನು ಸರ್ಕಾರ ನೋಡಿಕೊಳ್ಳುತ್ತದೆ. ಮನೆಗೆ ಹೋದವರಿಗೆ ಸಿಗುವುದು ಒಳಗೆಲ್ಲ ರಾಡಿ, ಬಾವಿಯಲ್ಲಿ ಹೊಳೆನೀರು, ಕೆಟ್ಟುನಿಂತ ಪಂಪ್‌ಸೆಟ್, ನೆನೆದು ಮುದ್ದೆಯಾದ ಮಕ್ಕಳ ಪುಸ್ತಕ. ಆಗ ಬೇಕಾಗುವುದು ಸಲಿಕೆ, ಪೊರಕೆ, ಬಕೆಟ್, ತಾಡಪತ್ರಿ, ಬ್ಲೀಚಿಂಗ್ ಪೌಡರ್. ಬಾವಿ ಬರಿದು ಮಾಡಲು ಬಾಡಿಗೆ ಪಂಪು, ಅದಕ್ಕೆ ಡೀಸೆಲ್, ಕೆಸರು ಎತ್ತುವವರಿಗೆ ಕೂಲಿ. ಕೂಲಿಯನ್ನು ಲಾರಿಯಲ್ಲಿ ತುಂಬಿ ಕಳಿಸಲು ಬರುವುದಿಲ್ಲ, ಅದಕ್ಕೆ ಹಣವೇ ಬೇಕು. ಬ್ಲೀಚಿಂಗ್ ಪೌಡರನ್ನೂ ಮುಂಚೆಯೇ ಕಳಿಸಿ ಉಪಯೋಗವಿಲ್ಲ, ತೇವಕ್ಕೆ ಅದರ ಶಕ್ತಿ ಹೋಗುತ್ತದೆ.

ಮೊದಲ ವಾರದಲ್ಲಿ ಬರುವುದೇನು? ಹಳೇ ಬಟ್ಟೆಯ ಗಂಟು. ಆಷಾಢದಲ್ಲಿ ಕರಾವಳಿಯಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗಂಟು ಕಟ್ಟಿಟ್ಟಿದ್ದು ಬೂಸರು ಹಿಡಿಯದೆ ಇರುತ್ತದೆಯೇ? ಅದನ್ನು ಬಿಚ್ಚಿ ವಿಂಗಡಿಸಲು ನಾಲ್ಕು ಜನ ಬೇಕು. ಆ ನಾಲ್ವರು ಅದೇ ಹೊತ್ತಿಗೆ ದೋಣಿಯ ಹತ್ತಿರ ಇರಬೇಕಾದವರು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲೂ ಹಳೇ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಒಳಉಡುಪು, ಸ್ಯಾನಿಟರಿ ಪ್ಯಾಡ್ ಕಳಿಸುವವರು ಕಡಿಮೆ. ಕೇಳಲು ಹೆಂಗಸರಿಗೂ ಮುಜುಗರ, ಬರೆದುಕೊಳ್ಳಲು ನನಗೂ.

ಒಮ್ಮೆ ಗೋಧಿ ಹಿಟ್ಟಿನ ಚೀಲಗಳು ಬಂದವು. ಕುಚ್ಚಲಕ್ಕಿ ಗಂಜಿ ಉಣ್ಣುವ ಊರು ನಮ್ಮದು. “ಚಪಾತಿ ಸುಡೂಕೆ ಒಣ ಕಟ್ಟಿಗೆ ಎಲ್ಲದೆ ತಮಾ?” ಎಂದು ಅಜ್ಜಿಯೊಬ್ಬರು ಕೇಳಿದರು. ಕಳಿಸಿದವರ ಮನಸ್ಸು ಒಳ್ಳೆಯದೇ, ಆದರೆ ಬೆಂಗಳೂರಿನಿಂದ ಘಟ್ಟ ಇಳಿಸಿ ತಂದ ಲಾರಿ ಬಾಡಿಗೆಗೆ ಕುಮಟಾ ಪೇಟೆಯಲ್ಲೋ ಶಿರಸಿ ಪೇಟೆಯಲ್ಲೋ ಎಷ್ಟು ಅಕ್ಕಿ ಸಿಗುತ್ತಿತ್ತು! ಹೊಳೆ ದಂಡೆ ಮುಳುಗಿದರೂ ಶಿರಸಿ ಅಂಗಡಿಗಳು ತೆರೆದೇ ಇರುತ್ತವೆ. ದಾರಿಯ ಭರವಸೆಯೂ ಇಲ್ಲ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಮುಚ್ಚಿಯೇ ಹೋಯಿತು. ಮಣ್ಣು ಹೊಳೆಗೆ ಬಿದ್ದು ಹೊಳೆಯಾಚೆ ಉಳುವರೆಯ ಮನೆಗಳಿಗೂ ನೀರು ನುಗ್ಗಿತ್ತು.

ಔಷಧದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ವಹಿಗೆ ಏರಿಸುವುದೇ ಇಲ್ಲ. ದಾನದ ಔಷಧಕ್ಕೆ ಕನಿಷ್ಠ ಒಂದು ವರ್ಷದ ಅವಧಿ ಬಾಕಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ನೆರೆಯ ನಂತರ ಹರಡುವ ಇಲಿಜ್ವರಕ್ಕೆ ಯಾವ ಮಾತ್ರೆ, ಯಾರಿಗೆ ಎಂಬುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಬಿಟ್ಟಿದ್ದು.

ಇನ್ನು ಹಣ. ಕೊಡಬೇಕೆಂದುಕೊಂಡಿದ್ದರಲ್ಲಿ ಅರ್ಧವನ್ನು ಹದಿನೈದು ದಿನ ತಡೆದಿಡಿ, ಆಮೇಲೆ ಪಂಚಾಯಿತಿಗೋ ಶಾಲೆಯ ಮೇಷ್ಟ್ರಿಗೋ ಫೋನ್ ಮಾಡಿ “ಈಗ ಏನು ಬೇಕು?” ಎಂದು ಕೇಳಿ. ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡನ್ನು ನಂಬಬೇಡಿ. 2020ರಲ್ಲಿ ಪಿಎಂ ಕೇರ್ಸ್‌ನ ಯುಪಿಐ ವಿಳಾಸವನ್ನೇ ಹೋಲುವ ನಕಲಿ ವಿಳಾಸಗಳು ಓಡಾಡಿದ್ದವು. ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಖಾತೆದಾರರ ಹೆಸರು ಓದಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟಿದ್ದಕ್ಕೆ ಆದಾಯ ತೆರಿಗೆಯಲ್ಲಿ ಪೂರ್ತಿ ಮೊತ್ತಕ್ಕೆ ವಿನಾಯಿತಿ ಇದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಇಲ್ಲ, ಸಾಮಾನಿಗಂತೂ ಇಲ್ಲವೇ ಇಲ್ಲ. ಹೊಸ ತೆರಿಗೆ ಪದ್ಧತಿಯವರಿಗೆ ಇದ್ಯಾವುದೂ ಅನ್ವಯಿಸದು, ಆದರೂ ರಸೀದಿ ಕೇಳಿ. ರಸೀದಿ ಹರಿದು ಕೊಡದವರ ಕೈಗೆ ನಾನಂತೂ ದುಡ್ಡು ಕೊಡುವುದಿಲ್ಲ.