ಬಿ350 ಬೋರ್ಡ್ ಉಳಿಸಿಕೊಂಡೇ ಗೇಮಿಂಗ್ ಅಪ್‌ಗ್ರೇಡ್: ಕೆಲಸದ ದಾಖಲೆ

ಈಗ ಇರುವುದು

2017ರ ಪಿಸಿ. ಸಿಪಿಯು ರೈಜನ್ 5 1600, ಬಿ350 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4-2400 ರ‍್ಯಾಮ್ ಸ್ಟಿಕ್, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಪವರ್ ಸಪ್ಲೈ. ವಿಂಡೋಸ್ ಇರುವುದು ಸಾಟಾ ಎಸ್‌ಎಸ್‌ಡಿಯಲ್ಲಿ, ಗೇಮ್‌ಗಳೆಲ್ಲ ಹಾರ್ಡ್ ಡಿಸ್ಕ್‌ನಲ್ಲಿ. ಮಾನಿಟರ್ 1080ಪಿ, 144 ಹರ್ಟ್ಸ್.

ದೂರು ಒಂದೇ: ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಸಂಖ್ಯೆ ನೋಡಿದರೆ ಪರವಾಗಿಲ್ಲ, ಆಟ ಮಾತ್ರ ತಡೆತಡೆದು ಓಡುತ್ತದೆ. ಇಂಥ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗುವುದು ಗ್ರಾಫಿಕ್ಸ್ ಕಾರ್ಡಿಗೆ. ಅಳೆಯದೆ ಕಾರ್ಡ್ ತಂದರೆ ಅದೇ ತಡೆತ ಹೊಸ ಕಾರ್ಡಿನಲ್ಲೂ ಮುಂದುವರಿಯುವ ಸಾಧ್ಯತೆ ಜಾಸ್ತಿ.

ಅಳತೆ

ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡೂ ಆಫ್. ಆಫ್ಟರ್‌ಬರ್ನರ್ ಜೊತೆ ಬರುವ ರಿವಾಟ್ಯೂನರ್ ಓವರ್‌ಲೇಯಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಪ್ರತಿ ಥ್ರೆಡ್‌ನ ಸಿಪಿಯು ಬಳಕೆ, ಫ್ರೇಮ್‌ಟೈಮ್ (ಒಂದು ಫ್ರೇಮಿಗೆ ಹಿಡಿದ ಸಮಯ) ಗ್ರಾಫ್. ಗೇಮ್‌ನ ಒಂದೇ ಜಾಗದಲ್ಲಿ ಒಂದೇ ದಾರಿಯಲ್ಲಿ 60 ಸೆಕೆಂಡ್ ಓಡಿಸಿ, ಮೂರು ಸಲ ಅಳೆದು, ನಡುವಿನದನ್ನು ಇಟ್ಟುಕೊಳ್ಳುವುದು. ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬಾರದು, ಶೇಡರ್ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂ) ಕಂಪೈಲ್ ಆಗುವಾಗಿನ ಎಳೆತ ಅದರಲ್ಲಿ ಸೇರಿರುತ್ತದೆ.

ಸರಾಸರಿಗಿಂತ 1% ಲೋ (ಅತಿ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್) ಮುಖ್ಯ. 144 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ 6.9 ಮಿಲಿಸೆಕೆಂಡ್, 60 ಅಂದರೆ 16.7. ನಡುವೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿ ಅಲುಗಾಡುವುದೇ ಇಲ್ಲ, ಕಣ್ಣು ಮಾತ್ರ ತಕ್ಷಣ ಹಿಡಿಯುತ್ತದೆ.

ಜಿಪಿಯು ಬಳಕೆ 97–99% ಇದ್ದರೆ ಮಿತಿ ಕಾರ್ಡಿನದು. 90ಕ್ಕಿಂತ ಕೆಳಗೆ ಏರಿಳಿಯುತ್ತಿದ್ದರೆ ಕಾರ್ಡ್ ಸಿಪಿಯುಗಾಗಿ ಕಾಯುತ್ತಿದೆ ಎಂದರ್ಥ. ಖಚಿತ ಮಾಡಿಕೊಳ್ಳಲು ರೆಸಲ್ಯೂಷನ್ 720ಪಿಗೆ ಇಳಿಸಬೇಕು. ಆಗಲೂ ಎಫ್‌ಪಿಎಸ್ ಏರದಿದ್ದರೆ ಅನುಮಾನವೇ ಬೇಡ, ಸಿಪಿಯು ಕಡೆಯ ಸಮಸ್ಯೆ. ಒಟ್ಟು ಸಿಪಿಯು ಬಳಕೆ 40% ತೋರಿಸುತ್ತದೆ ಎಂದು ಮೋಸ ಹೋಗಬಾರದು. 12 ಥ್ರೆಡ್‌ಗಳಲ್ಲಿ ಒಂದು ಪೂರ್ತಿ ತುಂಬಿದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 8.3%.

ಫಲಿತಾಂಶ ಎರಡು ಬಗೆ. ಮಲ್ಟಿಪ್ಲೇಯರ್ ಶೂಟರ್‌ಗಳಲ್ಲಿ 720ಪಿಗೆ ಇಳಿಸಿದರೂ ಬದಲಾವಣೆ ಇಲ್ಲ. ಭಾರಿ ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಸರಾಸರಿ ಏರಿತು, ಆದರೆ ಊರೊಳಗೆ ಗಾಡಿ ಓಡಿಸುವಾಗಿನ ತಡೆತ ಹಾಗೇ ಉಳಿಯಿತು. ಹಾಗಾಗಿ ಮೊದಲು ಸಿಪಿಯು, ಕಾರ್ಡ್ ಆಮೇಲೆ.

ಸೈಡ್ ಪ್ಯಾನೆಲ್ ತೆಗೆದಾಗ ಕಂಡದ್ದು: ಎರಡೂ ರ‍್ಯಾಮ್ ಸ್ಟಿಕ್ ಅಕ್ಕಪಕ್ಕದ ಸ್ಲಾಟ್‌ಗಳಲ್ಲಿ! ಅಂದರೆ ಇಷ್ಟು ವರ್ಷ ಸಿಂಗಲ್ ಚಾನೆಲ್, ಎರಡು ದಾರಿಯ ಬದಲು ಒಂದೇ ದಾರಿಯಲ್ಲಿ ಡೇಟಾ. ಟಾಸ್ಕ್ ಮ್ಯಾನೇಜರ್ ಇದನ್ನು ಹೇಳುವುದಿಲ್ಲ. ಸಿಪಿಯು-ಜೀ ಮೆಮೊರಿ ಟ್ಯಾಬ್ ನೋಡಬೇಕು. ಸಿಪಿಯು ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಬದಲಾಯಿಸಿದ್ದಾಯಿತು. ಖರ್ಚಿಲ್ಲದ ಅಪ್‌ಗ್ರೇಡ್ ಅಂದರೆ ಇದೇ.

ಬಯಾಸ್

ಹೊಸ ಸಿಪಿಯು ಆಯ್ಕೆ: ರೈಜನ್ 7 5700ಎಕ್ಸ್3ಡಿ. ಎಂಟು ಕೋರ್, 96 ಎಂಬಿ ಎಲ್3 ಕ್ಯಾಶ್ (ಸಿಪಿಯು ಒಳಗಿನ ವೇಗದ ಮೆಮೊರಿ), ಅದೇ ಎಎಂ4 ಸಾಕೆಟ್. ಗೇಮ್ ಪದೇಪದೇ ಕೇಳುವ ಡೇಟಾ ಕ್ಯಾಶ್‌ನಲ್ಲೇ ಸಿಗುವುದರಿಂದ ರ‍್ಯಾಮ್ ತನಕ ಹೋಗಿ ಬರುವ ಕಾಯುವಿಕೆ ತಗ್ಗುತ್ತದೆ, ಅದರ ಲಾಭ ಹೆಚ್ಚು ಕಾಣುವುದು 1% ಲೋನಲ್ಲಿ. 2017ರ ಬೋರ್ಡಿಗೆ ಈ ಚಿಪ್ ಗೊತ್ತಿಲ್ಲ. ಹಳೇ ಸಿಪಿಯು ಕೂತಿರುವಾಗಲೇ ಬಯಾಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮುಗಿಸಬೇಕು. ಹೊಸದನ್ನು ಕೂರಿಸಿದ ಮೇಲೆ ನೆನಪಾದರೆ ಕಪ್ಪು ಪರದೆ ನೋಡುತ್ತಾ ಎಲ್ಲ ಮತ್ತೆ ಬಿಚ್ಚಬೇಕು.

ಬೋರ್ಡ್ ತಯಾರಕರ ಪುಟದಲ್ಲಿ ಸಿಪಿಯು ಸಪೋರ್ಟ್ ಪಟ್ಟಿ ತೆರೆದು, ಈ ಚಿಪ್ಪಿಗೆ ಯಾವ ಆವೃತ್ತಿ ಬೇಕು ಎಂದು ನೋಡುವುದು. ಬೋರ್ಡ್‌ನ ರಿವಿಷನ್ ಸಂಖ್ಯೆಯೂ ತಾಳೆಯಾಗಬೇಕು, ಅದು ಬೋರ್ಡ್ ಮೇಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ತುಂಬ ಹಳೇ ಆವೃತ್ತಿಯಿಂದ ನೇರ ಹೊಸದಕ್ಕೆ ಹಾರಲು ಕೆಲವು ಬೋರ್ಡ್ ಬಿಡುವುದಿಲ್ಲ, ನಡುವೆ ಒಂದು ಆವೃತ್ತಿ ಹಾಕಲೇಬೇಕು. ಡೌನ್‌ಲೋಡ್ ಪುಟದ ಟಿಪ್ಪಣಿಯಲ್ಲಿ ಅದನ್ನು ಬರೆದಿರುತ್ತಾರೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್. ಅಪ್‌ಡೇಟ್ ಬಯಾಸ್ ಒಳಗಿನ ಫ್ಲಾಶ್ ಸಾಧನದಿಂದಲೇ, ವಿಂಡೋಸ್ ಪ್ರೋಗ್ರಾಂನಿಂದ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಆದ್ದರಿಂದ ಯುಪಿಎಸ್ ಇದ್ದರೆ ಅದರ ಮೇಲೆ.

ಈ ಯಂತ್ರದಲ್ಲಿ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಇರಲಿಲ್ಲ. ಇದ್ದವರು ಮೊದಲು ಅದನ್ನು ಸಸ್ಪೆಂಡ್ ಮಾಡಿ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು, ಬರೀ ಬಯಾಸ್ ಬದಲಾದರೂ ಅದು ಕೀ ಕೇಳಬಹುದು.

ಸಿಪಿಯು

ಅರ್ಧ ಗಂಟೆಯ ಕೆಲಸ, ಇಡೀ ಯೋಜನೆಯಲ್ಲಿ ಕೈ ನಡುಗುವ ಜಾಗವೂ ಇದೇ. ಎಎಂ4ನಲ್ಲಿ ಪಿನ್‌ಗಳಿರುವುದು ಸಿಪಿಯು ಅಡಿಯಲ್ಲಿ, 1331. ಸಾಕೆಟ್‌ನ ಲಿವರ್ ಸಿಪಿಯುವನ್ನು ಪಿನ್‌ಗಳ ಹಿಡಿತದಿಂದ ಮಾತ್ರ ಹಿಡಿದಿರುತ್ತದೆ, ಮೇಲಿನಿಂದ ಒತ್ತುವ ತಗಡಿಲ್ಲ. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಗಟ್ಟಿಯಾಗಿರುತ್ತದೆ. ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಸಿಪಿಯು ಅದರ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ.

ಅದಕ್ಕೇ ಹೀಗೆ: ಹತ್ತು ನಿಮಿಷ ಸಿಪಿಯು ಸ್ಟ್ರೆಸ್ ಟೆಸ್ಟ್ ಓಡಿಸಿ ಪೇಸ್ಟ್ ಬಿಸಿ ಮಾಡುವುದು, ಶಟ್‌ಡೌನ್, ಪ್ಲಗ್ ಕಿತ್ತು ಪವರ್ ಬಟನ್ ಒಮ್ಮೆ ಒತ್ತುವುದು. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಸಡಿಲಿಸುವುದು. ಆಮೇಲೆ ಕೂಲರನ್ನು ಮುಚ್ಚಳ ತಿರುಗಿಸುವ ಹಾಗೆ ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಿಸುತ್ತಿದ್ದರೆ ಪೇಸ್ಟ್ ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ. ಎತ್ತುವುದು ಅದಾದ ಮೇಲೆ.

ಇನ್ನೊಂದು ಕಿರಿಕಿರಿ: ಈ ಸ್ಟಾಕ್ ಕೂಲರ್ ಸ್ಕ್ರೂ ನೇರ ಬ್ಯಾಕ್‌ಪ್ಲೇಟಿಗೆ ಹೋಗುತ್ತದೆ. ಸ್ಕ್ರೂ ತೆಗೆದರೆ ಹಿಂದಿನ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈ ಬೋರ್ಡ್ ಹಿಂದೆ ಇರಲಿ. ಕ್ಲಿಪ್ ಹಾಕುವ ಬಗೆಯ ಟವರ್ ಕೂಲರಿಗೆ ಬೋರ್ಡ್ ಜೊತೆ ಬಂದಿದ್ದ ಎರಡು ಕಪ್ಪು ಪ್ಲಾಸ್ಟಿಕ್ ಬ್ರಾಕೆಟ್ ಬೇಕು. ಅವನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟವರು ಪುಣ್ಯವಂತರು. 5700ಎಕ್ಸ್3ಡಿ ಜೊತೆ ಕೂಲರ್ ಬರುವುದಿಲ್ಲ.

ಕೂರಿಸುವಾಗ ಸಿಪಿಯು ಮೂಲೆಯ ಚಿನ್ನದ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಹೊಂದಬೇಕು. ತನ್ನ ಭಾರಕ್ಕೇ ಇಳಿಯಬೇಕು, ಒತ್ತುವ ಹಾಗಿಲ್ಲ. ಲೋಹದ ಮುಖವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್. ಫ್ಯಾನ್ ಕೇಬಲ್ ಸಿಪಿಯು ಫ್ಯಾನ್ ಹೆಡರಿಗೆ.

ಮೊದಲ ಬೂಟ್‌ನಲ್ಲಿ ಎಫ್‌ಟಿಪಿಎಂ (ಭದ್ರತಾ ಕೀಗಳನ್ನು ಕಾಯುವ ಸೌಲಭ್ಯ) ಬಗ್ಗೆ ಒಂದು ಸಂದೇಶ ಬಂದು, ಅದನ್ನು ರೀಸೆಟ್ ಮಾಡಲು ವೈ, ಬೇಡವಾದರೆ ಎನ್ ಒತ್ತಲು ಕೇಳಿತು. ಹೊಸ ಸಿಪಿಯುಗೆ ಇದು ಸಹಜ. ಬಿಟ್‌ಲಾಕರ್ ಇಲ್ಲದ್ದರಿಂದ ವೈ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 1600 ಚಿಪ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಈ ಬದಲಾವಣೆಯಿಂದ ಆ ತಲೆನೋವೂ ತಪ್ಪಿತು.

ಮತ್ತೆ ಅಳತೆ: ಶೂಟರ್‌ಗಳಲ್ಲಿ ಈಗ ಜಿಪಿಯು ಬಳಕೆ 97ರ ಮೇಲೆ ನಿಂತಿದೆ. ಫ್ರೇಮ್‌ಟೈಮ್ ಗ್ರಾಫಿನ ಮುಳ್ಳುಗಳು ಬಹುಪಾಲು ಮಾಯ. ಚಿಪ್ಪಿನ ಉಷ್ಣಮಿತಿ 90 ಡಿಗ್ರಿ. ಕ್ಯಾಶ್ ಪದರವನ್ನು ಮುಖ್ಯ ಚಿಪ್ಪಿನ ಮೇಲೆ ಪೇರಿಸಿರುವುದರಿಂದ ಈ ಚಿಪ್ ಬಿಸಿ ತೋರಿಸುವುದು ಸ್ವಲ್ಪ ಜಾಸ್ತಿಯೇ, ಅದಕ್ಕೆ ಗಾಬರಿ ಬೇಡ.

ರ‍್ಯಾಮ್

16 ಜಿಬಿಯ ಎರಡು ಡಿಡಿಆರ್4-3200 ಸ್ಟಿಕ್, ಸಿಎಲ್16. ಸಿಪಿಯು ಬದಲಾಯಿಸಿದ ಮೇಲೆಯೇ ಇದನ್ನು ಹಾಕಿದ್ದು ಬೇಕೆಂದೇ: ಮೊದಲ ತಲೆಮಾರಿನ ರೈಜನ್‌ಗೆ 3200 ಸ್ಥಿರವಾಗಿ ಓಡಿಸುವುದು ಹೆಣಗಾಟ. ಹಳೇ ಸ್ಟಿಕ್‌ಗಳನ್ನು ಉಳಿದ ಸ್ಲಾಟ್‌ಗಳಿಗೆ ತುಂಬುವ ಆಸೆ ಬೇಡ, ನಾಲ್ಕೂ ನಿಧಾನದ ಜೋಡಿಯ ವೇಗಕ್ಕೇ ಇಳಿಯುತ್ತವೆ.

ಪವರ್ ಕೊಟ್ಟಾಗ ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು, ತಾನೇ ಎರಡು ಸಲ ಆಫ್ ಆಗಿ ಆನ್ ಆಯಿತು. ಕೆಟ್ಟಿಲ್ಲ, ಮೆಮೊರಿ ಟ್ರೇನಿಂಗ್ (ಹೊಸ ಸ್ಟಿಕ್‌ಗಳಿಗೆ ಬೋರ್ಡ್ ಹೊಂದಿಕೊಳ್ಳುವುದು) ನಡೆಯುತ್ತಿದೆ. ಕೆಲವು ನಿಮಿಷ ಕಾಯಬೇಕು. ವಿಂಡೋಸ್‌ಗೆ ಬಂದು ನೋಡಿದರೆ ವೇಗ 2133. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ ತಯಾರಕರು ಕೊಟ್ಟ ವೇಗದ ಪ್ರೊಫೈಲ್) ಆನ್ ಮಾಡದೆ ಬರೆದ ವೇಗ ಬರುವುದಿಲ್ಲ. ಬಯಾಸ್ ಅಪ್‌ಡೇಟ್ ಎಲ್ಲ ಸೆಟ್ಟಿಂಗನ್ನೂ ಅಳಿಸಿರುತ್ತದೆ ಎಂಬುದನ್ನೂ ನೆನಪಿಡಬೇಕು. ಆನ್ ಮಾಡಿದ ಮೇಲೆ ಸಿಪಿಯು-ಜೀ 1600 ಮೆಗಾಹರ್ಟ್ಸ್ ತೋರಿಸಿದರೆ ಸರಿಯೇ, ಡಿಡಿಆರ್ ಅಂದರೆ ಅದರ ದುಪ್ಪಟ್ಟು. ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ, ಒಂದೂ ತಪ್ಪಿಲ್ಲದಿದ್ದರೆ ಮಾತ್ರ ಮುಂದಕ್ಕೆ.

ಎಸ್‌ಎಸ್‌ಡಿ

ಗೇಮ್‌ಗಳಿಗೆ 1 ಟಿಬಿ ಎನ್‌ವಿಎಂಇ, ಬೋರ್ಡಿನ ಎಂ.2 ಸ್ಲಾಟಿಗೆ ಹಾಕುವ ವೇಗದ ಎಸ್‌ಎಸ್‌ಡಿ. ಸಾಟಾದ ಸೆಕೆಂಡಿಗೆ 550 ಎಂಬಿಗೂ ಇದರ ಸೆಕೆಂಡಿಗೆ 3500 ಎಂಬಿಗೂ ಲೋಡಿಂಗ್‌ನಲ್ಲಿ ದೊಡ್ಡ ಅಂತರ ಕಾಣುವುದು ಅಪರೂಪ. ಹಾರ್ಡ್ ಡಿಸ್ಕ್ ಬಿಟ್ಟದ್ದೇ ಅಸಲಿ ಲಾಭ. ಎಂ.2 ತುಂಬಿದರೆ ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ, ಮ್ಯಾನುಯಲ್ ನೋಡುವುದು.

ಪವರ್ ಸಪ್ಲೈ, ಕಾರ್ಡ್

ಕಾರ್ಡ್ ಆರ್‌ಎಕ್ಸ್ 6600, 8 ಜಿಬಿ, 132 ವ್ಯಾಟ್, ಒಂದು 8 ಪಿನ್ ಕನೆಕ್ಟರ್. ಇದು ಎಂಟು ಲೇನ್‌ನ (ಬೋರ್ಡಿಗೂ ಕಾರ್ಡಿಗೂ ನಡುವೆ ಡೇಟಾ ಸಾಗುವ ದಾರಿ) ಕಾರ್ಡ್. ಬಿ350ರಲ್ಲಿ ಪಿಸಿಐಇ 3.0 ಆದ್ದರಿಂದ ಸೆಕೆಂಡಿಗೆ ಸುಮಾರು 7.9 ಜಿಬಿ ಮಾತ್ರ. ವಿಡಿಯೊ ಮೆಮೊರಿ ತುಂಬದಿರುವ ತನಕ ನಷ್ಟ ಅಲ್ಪ. ನಾಲ್ಕೇ ಲೇನ್‌ನ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಮಾತ್ರ ಇಂಥ ಬೋರ್ಡಿಗೆ ಹಾಕಬಾರದು.

ಲೆಕ್ಕ: ಸಿಪಿಯು ಗರಿಷ್ಠ 142, ಕಾರ್ಡ್ 132, ಉಳಿದದ್ದಕ್ಕೆ 50, ಒಟ್ಟು 324 ವ್ಯಾಟ್. ಹಳೇ 450 ಕಾಗದದ ಮೇಲೆ ಸಾಕು. ಆದರೆ ಇಷ್ಟು ವರ್ಷ ಓಡಿದ್ದರ ಕೆಪಾಸಿಟರ್ ಮೇಲೆ ಭರವಸೆ ಇಡುವುದಕ್ಕಿಂತ 550 ವ್ಯಾಟ್‌ನ ಹೊಸದು ಲೇಸು. ಹಳೇ ಮಾಡ್ಯುಲರ್ ಕೇಬಲ್‌ಗಳನ್ನು ಹೊಸ ಸಪ್ಲೈಗೆ ಸಿಕ್ಕಿಸಲೇಬಾರದು. ಪ್ಲಗ್ ಹೊಂದುತ್ತದೆ, ಪಿನ್ ಜೋಡಣೆ ಬೇರೆ ಇರುತ್ತದೆ. ಡಿಸ್ಕ್, ಬೋರ್ಡ್ ಸುಟ್ಟುಹೋಗುವುದು ಹೀಗೇ.

ಹಳೇ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಪ್ರೋಗ್ರಾಂ ಬಳಸಿ ತೆಗೆದು, ಇಂಟರ್ನೆಟ್ ಕಿತ್ತಿಟ್ಟು, ಕಾರ್ಡ್ ಬದಲಾವಣೆ. ಮಾನಿಟರ್ ಕೇಬಲ್ ಕಾರ್ಡಿಗೇ ಹಾಕಬೇಕು, ಈ ಸಿಪಿಯುನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಸದ್ದಿಲ್ಲದೆ 60ಕ್ಕೆ ಮರಳಿತ್ತು, 144 ಮಾಡಿದ್ದಾಯಿತು.

ರೀಸೈಜಬಲ್ ಬಾರ್

ಕಾರ್ಡಿನ ಇಡೀ ಮೆಮೊರಿಯನ್ನು ಸಿಪಿಯು ಒಟ್ಟಿಗೇ ಮುಟ್ಟಲು ಬಿಡುವ ಸೌಲಭ್ಯ ಇದು. ಇದಕ್ಕೆ ವಿಂಡೋಸ್ ಡಿಸ್ಕ್ ಜಿಪಿಟಿ ಪಾರ್ಟಿಷನ್ ಬಗೆಯಲ್ಲಿರಬೇಕು. ಹಳೇ ಇನ್‌ಸ್ಟಾಲ್ ಆದ್ದರಿಂದ ಡಿಸ್ಕ್ ಹಳೇ ಬಗೆಯ ಎಂಬಿಆರ್‌ನಲ್ಲಿತ್ತು. ಬ್ಯಾಕಪ್ ಮಾಡಿ, ವಿಂಡೋಸ್‌ನ ಎಂಬಿಆರ್2ಜಿಪಿಟಿ ಕಮಾಂಡ್ ಮೊದಲು ವ್ಯಾಲಿಡೇಟ್‌ಗೆ, ಸರಿ ಅಂದ ಮೇಲೆ ಕನ್ವರ್ಟ್‌ಗೆ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಬಗೆಯ ಬೂಟ್ ಬೆಂಬಲ) ಆಫ್, ಅಬೌವ್ 4ಜಿ ಡೀಕೋಡಿಂಗ್ ಮತ್ತು ರೀಸೈಜಬಲ್ ಬಾರ್ ಆನ್. ಕ್ರಮ ತಪ್ಪಿ ಸಿಎಸ್‌ಎಂ ಮೊದಲು ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಎಎಂಡಿ ಡ್ರೈವರ್ ಪ್ಯಾನೆಲ್‌ನಲ್ಲಿ ಸ್ಮಾರ್ಟ್ ಆಕ್ಸೆಸ್ ಮೆಮೊರಿ (ಇದಕ್ಕೆ ಎಎಂಡಿ ಇಟ್ಟ ಹೆಸರು) ಎನೇಬಲ್ಡ್ ಎಂದು ಬಂದಿದೆ.

ಬಾಕಿ: ಫ್ರೀಸಿಂಕ್ (ಮಾನಿಟರ್ ವೇಗವನ್ನು ಫ್ರೇಮ್‌ಗಳಿಗೆ ಹೊಂದಿಸುವ ಸೌಲಭ್ಯ) ವ್ಯಾಪ್ತಿಯೊಳಗೇ ಇರಲು ಫ್ರೇಮ್ ಮಿತಿ 140ಕ್ಕೆ, ಮುಂದೆ 120 ಮಿಮೀಯ ಇನ್ನೊಂದು ಇನ್‌ಟೇಕ್ ಫ್ಯಾನ್, ಖಾಲಿಯಾದ ಹಾರ್ಡ್ ಡಿಸ್ಕ್ ಕೇಜ್ ಬಿಚ್ಚುವುದು.