ಗೆದ್ದವರು ಗೆಲ್ಲಿಸಬಲ್ಲರೇ?

ಬದಿಯಡ್ಕದ ಪೇಟೆಯಲ್ಲಾಗಲಿ, ಮದುವೆಯೂಟದ ಪಂಕ್ತಿಯಲ್ಲಾಗಲಿ, ನನಗೆ ಟೆನಿಸ್ ನೋಡುವ ಹುಚ್ಚಿದೆಯೆಂದು ತಿಳಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಹಿಂದೆ ಚಾಂಪಿಯನ್ ಆಗಿದ್ದವರು ಈಗಿನ ಅಗ್ರ ಆಟಗಾರರಿಗೆ ಒಳ್ಳೆಯ ತರಬೇತುದಾರರಾಗುತ್ತಾರೆಯೇ? ನಮ್ಮ ಕುಂಬಳೆಯ ಹೆಸರನ್ನು ಹೊತ್ತ ಅನಿಲ್ ಕುಂಬ್ಳೆಯವರು 2016ರಲ್ಲಿ ಭಾರತದ ಕ್ರಿಕೆಟ್ ತಂಡದ ತರಬೇತುದಾರರಾಗಿ, ಒಂದೇ ವರ್ಷದಲ್ಲಿ ಆ ಹುದ್ದೆಯನ್ನು ಬಿಟ್ಟ ಮೇಲಂತೂ ಈ ಪ್ರಶ್ನೆಯೊಂದಿಗೆ ಸ್ವಲ್ಪ ಮನೆಯವರ ಬೇಸರವೂ ಸೇರಿಕೊಂಡಿದೆ. ಆದರೆ ಕ್ರಿಕೆಟಿನ ಲೆಕ್ಕ ಬೇರೆ. ಅಲ್ಲಿ ಹನ್ನೊಂದು ಮಂದಿ, ಒಬ್ಬ ನಾಯಕ, ಮೇಲೊಂದು ಮಂಡಳಿ. ಟೆನಿಸ್‌ನಲ್ಲಿ ತರಬೇತುದಾರನಿಗೆ ಸಂಬಳ ಕೊಡುವವನು ಆಟಗಾರನೇ ಆದುದರಿಂದ, ಯಾರನ್ನು ತಿದ್ದಬೇಕೋ ಅವನ ಕೈಯಿಂದಲೇ ಅನ್ನ ಉಣ್ಣಬೇಕಾದ ವಿಚಿತ್ರ ಗುರುತನ ಅದು.

ನನ್ನ ಉತ್ತರವೆಂದರೆ, ಆಗುತ್ತಾರೆ. ಆದರೆ ಅವರು ಗೆದ್ದ ಪ್ರಶಸ್ತಿಗಳಿಗಿಂತ ಸೋತ ಫೈನಲ್‌ಗಳೇ ಶಿಷ್ಯನಿಗೆ ಹೆಚ್ಚು ಉಪಕಾರ ಮಾಡುತ್ತವೆ.

1987ರ ಮಳೆಗಾಲದ ಒಂದು ಸಂಜೆ, ನೆರೆಮನೆಯ ಕಪ್ಪುಬಿಳುಪು ಟಿವಿಯಲ್ಲಿ, ಇವಾನ್ ಲೆಂಡ್ಲ್ ವಿಂಬಲ್ಡನ್ ಫೈನಲ್‌ನಲ್ಲಿ ಪ್ಯಾಟ್ ಕ್ಯಾಶ್ ಎದುರು ಸೋಲುವುದನ್ನು ನೋಡಿದೆ. ಹಿಂದಿನ ವರ್ಷ ಅದೇ ಅಂಗಣದಲ್ಲಿ ಬೋರಿಸ್ ಬೆಕರ್ ಅವನನ್ನು ಸೋಲಿಸಿದ್ದ. ಗ್ರ್ಯಾಂಡ್‌ಸ್ಲಾಮ್ ಎನ್ನುವ, ವರ್ಷಕ್ಕೆ ನಾಲ್ಕೇ ನಡೆಯುವ ದೊಡ್ಡ ಟೂರ್ನಿಗಳಲ್ಲಿ ಎಂಟು ಪ್ರಶಸ್ತಿ ಗೆದ್ದರೂ ವಿಂಬಲ್ಡನ್ ಮಾತ್ರ ಲೆಂಡ್ಲ್‌ಗೆ ಕೊನೆಯವರೆಗೂ ದಕ್ಕಲಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ತನ್ನ ಮೊದಲ ನಾಲ್ಕು ಗ್ರ್ಯಾಂಡ್‌ಸ್ಲಾಮ್ ಫೈನಲ್‌ಗಳಲ್ಲಿ ಅವನು ಸೋತಿದ್ದ. 1984ರ ಫ್ರೆಂಚ್ ಓಪನ್‌ನಲ್ಲಿ ಜಾನ್ ಮೆಕೆನ್ರೋ ಎದುರು ಎರಡು ಸೆಟ್ ಹಿಂದೆ ಬಿದ್ದು, ಅಲ್ಲಿಂದ ಎದ್ದು ಬಂದು ಗೆದ್ದದ್ದೇ ಮೊದಲ ಪ್ರಶಸ್ತಿ. ಸುಮಾರು ಮೂರು ದಶಕಗಳ ಬಳಿಕ ಲೆಂಡ್ಲ್ ಬಳಿಗೆ ತರಬೇತಿಗೆ ಬಂದ ಬ್ರಿಟನ್ನಿನ ಆಂಡಿ ಮರ್ರೆ ಆಗಲೇ ಮೂರು ಫೈನಲ್ ಸೋತವನು. 2012ರ ವಿಂಬಲ್ಡನ್‌ನಲ್ಲಿ, ಲೆಂಡ್ಲ್ ಕಣ್ಣೆದುರಿನಲ್ಲೇ ರೋಜರ್ ಫೆಡರರ್‌ಗೆ ನಾಲ್ಕನೆಯದನ್ನೂ ಸೋತು, ಮೈಕಿನ ಮುಂದೆ ಅತ್ತ. ನಾಲ್ಕೇ ವಾರಗಳಲ್ಲಿ ಅದೇ ಅಂಗಣದಲ್ಲಿ ಅದೇ ಫೆಡರರ್‌ನನ್ನು ಮಣಿಸಿ ಒಲಿಂಪಿಕ್ ಚಿನ್ನ ಪಡೆದ, ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಓಪನ್ ಗೆದ್ದ, ಮರುವರ್ಷ ಬ್ರಿಟನ್ 77 ವರ್ಷಗಳಿಂದ ಕಾದಿದ್ದ ವಿಂಬಲ್ಡನ್ ಪುರುಷರ ಪ್ರಶಸ್ತಿಯನ್ನೂ ತಂದ. ಮರ್ರೆಗೆ ಹೊಡೆತಗಳ ಕೊರತೆ ಇರಲಿಲ್ಲ. ನಾಲ್ಕು ಸಲ ಸೋತವನು ಐದನೆಯ ಸಲ ಗೆಲ್ಲಬಹುದೆಂದು ಪುಸ್ತಕ ಓದಿ ಹೇಳುವುದಕ್ಕೂ, ಹಾಗೆ ಗೆದ್ದವನು ಎದುರು ಕುಳಿತು, ನಗದ ಮುಖದಿಂದ ನೋಡುತ್ತಿರುವುದಕ್ಕೂ ವ್ಯತ್ಯಾಸವಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಉಂಟು. ಲೆಂಡ್ಲ್‌ನಷ್ಟೇ ಗ್ರ್ಯಾಂಡ್‌ಸ್ಲಾಮ್ ಗೆದ್ದ ಜಿಮ್ಮಿ ಕಾನರ್ಸ್ 2013ರಲ್ಲಿ ಮರಿಯಾ ಶರಪೋವಾಳ ತರಬೇತುದಾರನಾಗಿ ಉಳಿದದ್ದು ಒಂದೇ ಒಂದು ಪಂದ್ಯದ ಮಟ್ಟಿಗೆ. ಹಳೆಯ ಚಾಂಪಿಯನ್ ಸ್ಟೀಫನ್ ಎಡ್ಬರ್ಗ್ ತರಬೇತುದಾರನಾಗಿ ಜೊತೆಗಿದ್ದ ಎರಡು ವರ್ಷಗಳಲ್ಲಿ ಫೆಡರರ್ ಮತ್ತೆ ನೆಟ್ ಕಡೆಗೆ ನುಗ್ಗಿ ಆಡಿದನಾದರೂ, ಮೂರು ಗ್ರ್ಯಾಂಡ್‌ಸ್ಲಾಮ್ ಫೈನಲ್‌ಗಳಲ್ಲಿ ಸರ್ಬಿಯಾದ ನೊವಾಕ್ ಜೊಕೊವಿಚ್‌ಗೆ ಸೋತ. ಒಂದು ಗ್ರ್ಯಾಂಡ್‌ಸ್ಲಾಮ್ ಫೈನಲನ್ನೂ ಆಡಿರದ ಇವಾನ್ ಲ್ಯುಬಿಚಿಚ್ ಬಂದ ಮೇಲೆ ಅವನಿಗೆ ಇನ್ನೂ ಮೂರು ಪ್ರಶಸ್ತಿಗಳು ಸಿಕ್ಕವು. ಸೆರೆನಾ ವಿಲಿಯಮ್ಸ್‌ಳ ಜೊತೆಗೆ ಹತ್ತು ಗ್ರ್ಯಾಂಡ್‌ಸ್ಲಾಮ್ ಕಂಡ ಪ್ಯಾಟ್ರಿಕ್ ಮೊರಾಟೊಗ್ಲು ಎಂದೂ ದೊಡ್ಡ ಆಟಗಾರನಾಗಿರಲಿಲ್ಲ.

ಚಾಂಪಿಯನ್ನರ ಹೆಸರು ಪತ್ರಿಕೆಯ ತಲೆಬರಹದಲ್ಲಿ ಬರುವಾಗ ನಾವು ಗಮನಿಸದೆ ಬಿಡುವುದು ಜೊತೆಗಿರುವ ಇನ್ನೊಬ್ಬ ತರಬೇತುದಾರನನ್ನು. ಬೆಕರ್ ತರಬೇತುದಾರನಾಗಿದ್ದ ಮೂರು ವರ್ಷಗಳಲ್ಲಿ ಜೊಕೊವಿಚ್ ಆರು ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ನಿಜ, ಆದರೆ 2006ರಿಂದ ಜೊತೆಗಿದ್ದ ಮರಿಯನ್ ವಾಯ್ದಾ ಆಗಲೂ ತಂಡದಲ್ಲಿದ್ದ. ಎಡ್ಬರ್ಗ್ ಕಾಲದಲ್ಲೂ ಲ್ಯುಬಿಚಿಚ್ ಕಾಲದಲ್ಲೂ ಫೆಡರರ್ ಪಕ್ಕದಲ್ಲಿ ಸೆವೆರಿನ್ ಲೂಥಿ ಇದ್ದ. ನಮ್ಮ ತೆಂಕುತಿಟ್ಟಿನ ಯಕ್ಷಗಾನ ಮೇಳಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೆಜ್ಜೆ, ತಾಳ ಕಲಿಸುವ ಗುರುಗಳು ಒಬ್ಬರು; ವೇಷ ಕಟ್ಟಿ ಕುಳಿತವನಿಗೆ ಬಣ್ಣದ ಮನೆಯಾದ ಚೌಕಿಯಲ್ಲಿ, ಆ ಪದ್ಯಕ್ಕೆ ಅವಸರ ಮಾಡಬೇಡ ಎಂದು ಒಂದೇ ಮಾತು ಹೇಳಿ ಸುಮ್ಮನಾಗುವ ಹಿರಿಯ ವೇಷಧಾರಿ ಇನ್ನೊಬ್ಬರು. ಹಳೆಯ ಚಾಂಪಿಯನ್ ಈ ಎರಡನೆಯವನಾಗಿ ಬಂದಾಗ ಹೆಚ್ಚು ಫಲ ಕೊಡುತ್ತಾನೆ. ವರ್ಷದ ಬಹುಪಾಲು ವಾರಗಳನ್ನು ಹೋಟೆಲುಗಳಲ್ಲಿ ಕಳೆದು, ದಿನವೂ ಚೆಂಡು ಹೊಡೆದುಕೊಡುವ ವ್ರತವನ್ನು ಕೀರ್ತಿ, ಹಣ ಎರಡನ್ನೂ ಕಂಡವನಿಂದ ನಿರೀಕ್ಷಿಸುವುದು ಕಷ್ಟ. ಹುಯಾನ್ ಕಾರ್ಲೋಸ್ ಫೆರೆರೋ ಇದಕ್ಕೆ ದೊಡ್ಡ ಅಪವಾದ. 2003ರ ಫ್ರೆಂಚ್ ಓಪನ್ ಗೆದ್ದ, ವಿಶ್ವದ ಒಂದನೆಯ ಸ್ಥಾನಕ್ಕೇರಿದ್ದ ಆತ, 2018ರಲ್ಲಿ ಹದಿನೈದು ವರ್ಷದ ಹುಡುಗನಾಗಿದ್ದ ಕಾರ್ಲೋಸ್ ಅಲ್ಕರಾಜ್‌ನನ್ನು ಕೈಗೆತ್ತಿಕೊಂಡು ಏಳು ವರ್ಷ ಬೆಳೆಸಿದ. ತಾನು ಗೆಲ್ಲುವ ಹಿಂದಿನ ವರ್ಷ, 2002ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಫೆರೆರೋ ಸೋತಿದ್ದನೆಂಬುದನ್ನು ನಾನು ಇಲ್ಲಿ ಬೇಕೆಂದೇ ನೆನಪಿಸುತ್ತಿದ್ದೇನೆ.

ನನ್ನ ಈ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟವನು ಮರ್ರೆಯೇ. ಹನ್ನೊಂದು ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿ ಎಂಟರಲ್ಲಿ ಸೋತವನು, ಅದರಲ್ಲಿ ಐದನ್ನು ಜೊಕೊವಿಚ್‌ಗೇ ಸೋತವನು, 2024ರ ನವೆಂಬರ್‌ನಲ್ಲಿ ಅದೇ ಜೊಕೊವಿಚ್‌ನ ತರಬೇತುದಾರನಾದಾಗ, ಇನ್ನು ನೋಡಿ ಎಂದು ನಾನು ಹೇಳಿಕೊಂಡು ತಿರುಗಿದ್ದೆ. ಆರು ತಿಂಗಳಲ್ಲಿ ಒಂದು ಪ್ರಶಸ್ತಿಯೂ ಬರದೆ ಇಬ್ಬರೂ ಬೇರೆಯಾದರು, ಅದೇ ತಿಂಗಳು ಜೊಕೊವಿಚ್ ಜಿನೀವಾದಲ್ಲಿ ತನ್ನ ನೂರನೆಯ ಪ್ರಶಸ್ತಿ ಗೆದ್ದ. 24 ಗ್ರ್ಯಾಂಡ್‌ಸ್ಲಾಮ್ ಗೆದ್ದವನಿಗೆ ಸೋಲಿನಿಂದ ಏಳುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಮೂವತ್ತೇಳರ ಕಾಲುಗಳಿಗೆ ಬೇಕಾದದ್ದು ಮರ್ರೆಯ ಬಳಿಯೂ ಇರಲಿಲ್ಲ ಎಂದು ಈಗ ಸಮಾಧಾನ ಹೇಳುತ್ತಿದ್ದೇನೆ. ಪಂಕ್ತಿಯಲ್ಲಿ ಎದುರು ಕುಳಿತವರು ಮಾತ್ರ ಅದನ್ನು ಅಷ್ಟಾಗಿ ಒಪ್ಪಿಕೊಂಡಂತೆ ಕಾಣುವುದಿಲ್ಲ.